ಔಷಧಿ ಸಿಂಪಡಿಸುವ ಡ್ರೋನುಗಳೂ ಅವುಗಳ ಚಾಲಕರು ಕಲಿಯತಕ್ಕ ಪಾಠಗಳೂ

ಪೈರುಗಳಿಗೆ ತಗಲುವ ಹುಳುಹುಪ್ಪಟೆಗಳನ್ನೂ ರೋಗಗಳನ್ನೂ ತಡೆಯುವುದಕ್ಕಾಗಿ ಔಷಧಿಯನ್ನು ಸಿಂಪಡಿಸುವ ಕೆಲಸವು ವ್ಯವಸಾಯಗಾರರಿಗೆ ಹೊಸದೇನೂ ಅಲ್ಲ. ಹದಿನೈದು ಹದಿನಾರು ಲೀಟರು ಹಿಡಿಯುವ ಪಂಪನ್ನು ಬೆನ್ನಿಗೆ ಕಟ್ಟಿಕೊಂಡು, ಎಕರೆಗೆ ಹತ್ತು ಹನ್ನೆರಡು ಸಲ ತುಂಬಿಸಿ, ಬತ್ತದ ಗದ್ದೆಯ ಕೆಸರಿನಲ್ಲಿಯೋ ಆಳೆತ್ತರ ಬೆಳೆದ ತೊಗರಿಯ ನಡುವೆಯೋ ನಡೆದು ಔಷಧಿ ಹೊಡೆಯುವುದು ಎಷ್ಟು ಶ್ರಮದ ಕೆಲಸವೆಂಬುದು ಅದನ್ನು ಮಾಡಿದವರಿಗೇ ಗೊತ್ತು. ತೊಗರಿಯು ಹೂವಾಡುವ ಕಾಲದಲ್ಲಿ ಕಾಯಿಕೊರಕ ಹುಳು ಬಿದ್ದರೆ, ಔಷಧಿ ಹೊಡೆಯಲು ಹೊಕ್ಕ ಆಳೇ ಕೊಂಬೆಗಳನ್ನು ಮುರಿಯುವುದೂ ಉಂಟು. ಇಂತಹ ಕಷ್ಟಗಳಿಗೆ ಪರಿಹಾರವಾಗಿ, ಆಳಿಲ್ಲದೆ ಪೈರಿನ ಮೇಲೆ ಹಾರಿ ಔಷಧಿಯನ್ನು ಚಿಮುಕಿಸುವ ಡ್ರೋನ್ ಎಂಬ ಯಂತ್ರವು ಹಳ್ಳಿಗಳಿಗೆ ಬಂದಿದೆ. ಅದನ್ನು ನಡೆಸುವುದನ್ನು ಕಲಿತು ಜೀವನೋಪಾಯ ಮಾಡಿಕೊಳ್ಳಬೇಕೆಂಬ ಹುರುಪು ರೈತರ ಮಕ್ಕಳಲ್ಲಿಯೂ, ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳಲ್ಲಿಯೂ ಕಾಣುತ್ತಿರುವುದು ಸಂತೋಷದ ವಿಷಯವೇ ಸರಿ.

ಆದರೆ ಈ ವಿದ್ಯೆಯನ್ನು ಕಲಿಯಹೊರಟವರಲ್ಲಿ ಅನೇಕರಿಗೆ ಯಂತ್ರವನ್ನು ಹಾರಿಸುವ ಭಾಗದಲ್ಲಿರುವ ಆಸಕ್ತಿಯು ಪುಸ್ತಕದ ಭಾಗದಲ್ಲಿ ಇರುವುದಿಲ್ಲ. “ಗುಂಡಿಯನ್ನು ಒತ್ತಿದರೆ ಏಳುತ್ತದೆ, ನಕ್ಷೆಯಲ್ಲಿ ಗೆರೆ ಎಳೆದುಕೊಟ್ಟರೆ ತಾನಾಗಿಯೇ ಹೊಲವನ್ನು ಸುತ್ತಿ ಬರುತ್ತದೆ, ಹವೆ, ಒತ್ತಡ, ಕಾನೂನು ಎಂದು ಓದುವುದೇಕೆ?” ಎಂದು ಕೇಳುವವರೂ ಇದ್ದಾರೆ. ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿ ತೇರ್ಗಡೆಯಾದರೆ ಸಾಕೆಂಬ ಭಾವನೆಯು ಇದರಿಂದಲೇ ಹುಟ್ಟುವುದು. ಇದು ಸರಿಯಾದ ಭಾವನೆಯಲ್ಲ. ಪುಸ್ತಕದ ಒಂದೊಂದು ಪಾಠವೂ ಹೊಲದಲ್ಲಿ ಆಗಬಹುದಾದ ಒಂದೊಂದು ನಷ್ಟಕ್ಕೆ ಕಟ್ಟಿದ ಒಡ್ಡು. ಯಾವ ಪಾಠವು ಯಾವ ನಷ್ಟವನ್ನು ತಡೆಯುವುದೆಂದು ತಿಳಿದವರಿಗೆ ಓದು ಭಾರವಾಗದು. ಪರೀಕ್ಷೆಯ ಭಯವೂ ಉಳಿಯದು.

ಪೂರ್ವ ಚರಿತ್ರೆ

ಆಕಾಶದಿಂದ ಔಷಧಿ ಹಾಕುವ ಯೋಚನೆಗೆ ನೂರು ವರ್ಷ ದಾಟಿದೆ. ೧೯೨೧ನೆಯ ಇಸವಿ ಆಗಸ್ಟ್ ೩ರಂದು ಅಮೆರಿಕದ ಓಹೈಯೋ ಪ್ರಾಂತದಲ್ಲಿ ಕಟಾಲ್ಪ ಎಂಬ ಮರಗಳ ತೋಪನ್ನು ಎಲೆ ತಿನ್ನುವ ಹುಳುಗಳು ಬೋಳಿಸುತ್ತಿದ್ದಾಗ, ಜಾನ್ ಮೆಕ್ರೆಡಿ ಎಂಬ ಸೈನ್ಯದ ವಿಮಾನ ಚಾಲಕನು ಕರ್ಟಿಸ್ ವಿಮಾನವೊಂದರಿಂದ ಸೀಸದ ಆರ್ಸೆನೇಟ್ ಪುಡಿಯನ್ನು ತೋಪಿನ ಮೇಲೆ ಉದುರಿಸಿದನು. ವಿಮಾನದಿಂದ ಪೈರುಗಳಿಗೆ ಔಷಧಿ ಹಾಕುವ ಉದ್ಯೋಗಕ್ಕೆ ಅದೇ ನಾಂದಿಯಾಯಿತು. ಆ ಬಳಿಕ ೧೯೮೦ರ ದಶಕದಲ್ಲಿ ಜಪಾನು ದೇಶದವರು ಬತ್ತದ ಗದ್ದೆಗಳಿಗಾಗಿ ಚಾಲಕನಿಲ್ಲದ ಚಿಕ್ಕ ಹೆಲಿಕಾಪ್ಟರುಗಳನ್ನು ಬಳಕೆಗೆ ತಂದರು. ಈಗಿನ ಡ್ರೋನುಗಳು ಆ ಸಂತತಿಗೇ ಸೇರಿದವು.

ಭಾರತದಲ್ಲಿ ಇವುಗಳ ಬಳಕೆಗೆ ಸ್ಪಷ್ಟವಾದ ಕಟ್ಟಳೆಯನ್ನು ವಿಧಿಸಿದ್ದು ೨೦೨೧ನೆಯ ಇಸವಿ ಆಗಸ್ಟ್ ೨೫ರಂದು ಪ್ರಕಟವಾದ ಡ್ರೋನ್ ನಿಯಮಗಳು. ೨೦೨೩ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ೧೫,೦೦೦ ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನುಗಳನ್ನು ಒದಗಿಸುವ ‘ನಮೋ ಡ್ರೋನ್ ದೀದಿ’ ಯೋಜನೆಯನ್ನು ೧,೨೬೧ ಕೋಟಿ ರೂಪಾಯಿಗಳ ವೆಚ್ಚಕ್ಕೆ ಮಂಜೂರು ಮಾಡಿತು. ಅದರಲ್ಲಿ ಯಂತ್ರದ ಬೆಲೆಯ ಶೇಕಡ ೮೦ರಷ್ಟನ್ನು, ೮ ಲಕ್ಷ ರೂಪಾಯಿ ಮೀರದಂತೆ, ಸಹಾಯಧನವಾಗಿ ಕೊಡುವುದೆಂದೂ, ಸಂಘದ ಸದಸ್ಯೆಯೊಬ್ಬಳಿಗೆ ೧೫ ದಿನಗಳ ಶಿಕ್ಷಣ ಕೊಡಿಸುವುದೆಂದೂ ಗೊತ್ತುಮಾಡಲಾಯಿತು. ಈ ೧೫ ದಿನಗಳಲ್ಲಿ ೫ ದಿನಗಳು ಚಾಲಕರ ಕಡ್ಡಾಯ ಶಿಕ್ಷಣಕ್ಕೂ, ಉಳಿದ ೧೦ ದಿನಗಳು ಗೊಬ್ಬರ ಮತ್ತು ಕೀಟನಾಶಕಗಳನ್ನು ಸಿಂಪಡಿಸುವ ವ್ಯವಸಾಯದ ಶಿಕ್ಷಣಕ್ಕೂ ಮೀಸಲು.

ಪರೀಕ್ಷೆಯ ಸ್ವರೂಪ

ಸ್ವಂತ ಸಂತೋಷಕ್ಕಾಗಿ ಚಿಕ್ಕ ವಿಮಾನವನ್ನು ನಡೆಸಬೇಕೆನ್ನುವವರು ಈ ದೇಶದಲ್ಲಿ ಖಾಸಗಿ ವಿಮಾನ ಚಾಲಕರ ಪರವಾನಗಿಯನ್ನು ಪಡೆಯಬೇಕು. ಅದಕ್ಕೆ ೧೭ ವರ್ಷ ತುಂಬಿರಬೇಕು. ಹತ್ತನೆಯ ತರಗತಿ ಮುಗಿದಿರಬೇಕು. ೪೦ ಗಂಟೆಗಳ ಹಾರಾಟವಾಗಿರಬೇಕು. ವಾಯುಯಾನದ ಕಾನೂನು, ದಿಕ್ಕು ಹಿಡಿದು ಸಾಗುವ ಶಾಸ್ತ್ರ, ಹವಾಮಾನ, ವಿಮಾನ ಮತ್ತು ಯಂತ್ರ ಎಂಬ ವಿಷಯಗಳಲ್ಲಿ ಲಿಖಿತ ಪರೀಕ್ಷೆ ತೇರ್ಗಡೆಯಾಗಬೇಕು. ಡ್ರೋನಿನ ಚಾಲಕನು ಬದುವಿನ ಮೇಲೆ ನಿಂತು ಯಂತ್ರವನ್ನು ನಡೆಸುವವನಾದರೂ, ಆತನ ಪಾಠಗಳು ಈ ಮರದಿಂದಲೇ ಒಡೆದ ಕೊಂಬೆಗಳು. ವಿಮಾನವು ಹಾರುವುದೂ ಡ್ರೋನು ಹಾರುವುದೂ ಒಂದೇ ಗಾಳಿಯಲ್ಲಿ.

ಡ್ರೋನಿನ ಚಾಲಕರಿಗೆ ಕನಿಷ್ಠ ೧೮, ಗರಿಷ್ಠ ೬೫ ವರ್ಷ ವಯಸ್ಸೆಂದು ನಿಯಮವಿದೆ. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿರಬೇಕು. ಸರ್ಕಾರದ ಅಧಿಕಾರ ಪಡೆದ ಶಿಕ್ಷಣ ಸಂಸ್ಥೆಯಲ್ಲಿ ಪಾಠವನ್ನು ಕೇಳಿ, ಹಾರಿಸುವುದನ್ನು ಅಭ್ಯಾಸಮಾಡಿ, ಪರೀಕ್ಷೆಯನ್ನು ಕೊಡಬೇಕು. ಮೊದಲು ‘ಲೈಸೆನ್ಸ್’ ಎನ್ನುತ್ತಿದ್ದುದನ್ನು ೨೦೨೨ರ ತಿದ್ದುಪಡಿಯಲ್ಲಿ ‘ಪ್ರಮಾಣಪತ್ರ’ವೆಂದು ಬದಲಾಯಿಸಲಾಗಿದೆ, ಅದು ೧೦ ವರ್ಷಗಳವರೆಗೆ ಊರ್ಜಿತ. ಪಾಠಗಳಲ್ಲಿ ನಿಯಮಗಳು, ಹಾರಾಟದ ತತ್ತ್ವ, ಹವಾಮಾನ, ಯಂತ್ರದ ಭಾಗಗಳು ಮತ್ತು ಅವುಗಳ ಜೋಪಾಸನೆ, ಆಪತ್ಕಾಲದಲ್ಲಿ ಮಾಡತಕ್ಕ ಕೆಲಸಗಳು ಇವೇ ಮುಖ್ಯವಾದವು. ಹನಿಯ ಗಾತ್ರ, ಔಷಧಿಯ ಪ್ರಮಾಣ ಮುಂತಾದವು ವ್ಯವಸಾಯದ ಶಿಕ್ಷಣಕ್ಕೆ ಸೇರುವುವು. ಇವುಗಳಲ್ಲಿ ಹೊಲಕ್ಕೆ ಹೆಚ್ಚು ಸಂಬಂಧಪಟ್ಟವನ್ನು ಒಂದೊಂದಾಗಿ ಮುಂದೆ ವಿವರಿಸಿದೆ.

ಕಾನೂನಿನ ಪಾಠ

ನಿಯಮಗಳು ಡ್ರೋನುಗಳನ್ನು ತೂಕದ ಮೇಲೆ ಐದು ತರಗತಿಗಳಾಗಿ ವಿಂಗಡಿಸಿವೆ. ೨೫೦ ಗ್ರಾಮಿನವರೆಗೆ ನ್ಯಾನೊ. ಅಲ್ಲಿಂದ ೨ ಕಿಲೋಗ್ರಾಮಿನವರೆಗೆ ಮೈಕ್ರೊ. ೨೫ ಕಿಲೋಗ್ರಾಮಿನವರೆಗೆ ಸಣ್ಣದು. ೧೫೦ ಕಿಲೋಗ್ರಾಮಿನವರೆಗೆ ಮಧ್ಯಮ. ಅದನ್ನು ಮೀರಿದುದು ದೊಡ್ಡದು. ಇಲ್ಲಿ ಕಲಿಯುವವರು ಮುಖ್ಯವಾಗಿ ಗಮನಿಸತಕ್ಕ ಅಂಶವೆಂದರೆ, ತೂಕವೆಂದರೆ ಬರಿಯ ಯಂತ್ರದ ತೂಕವಲ್ಲ. ಬ್ಯಾಟರಿಯನ್ನೂ ತೊಟ್ಟಿಯಲ್ಲಿ ತುಂಬಿದ ಔಷಧಿಯನ್ನೂ ಸೇರಿಸಿ ಎದ್ದು ಹಾರುವಾಗ ಇರುವ ತೂಕ. ಬ್ಯಾಟರಿ ಸಹಿತ ೧೪ ಕಿಲೋ ತೂಗುವ ಯಂತ್ರಕ್ಕೆ ೧೦ ಲೀಟರು ದ್ರವ ತುಂಬಿಸಿದರೆ ಸುಮಾರು ೨೪ ಕಿಲೋ ಆಗುವುದು. ಅದು ಸಣ್ಣ ತರಗತಿಯ ಅಂಚಿನಲ್ಲಿ ಬಂದು ನಿಂತಿತೆಂದೇ ಹೇಳಬೇಕು. ಮುಂದೆ ಯಾರಾದರೂ ದೊಡ್ಡ ತೊಟ್ಟಿಯನ್ನು ಜೋಡಿಸಿಕೊಟ್ಟರೆ ತರಗತಿಯೇ ಬದಲಾಗಿ, ಕೈಯಲ್ಲಿರುವ ಪ್ರಮಾಣಪತ್ರವು ಆ ಯಂತ್ರಕ್ಕೆ ಸಲ್ಲದೆ ಹೋಗಬಹುದು.

ಇನ್ನು ಆಕಾಶವನ್ನು ಹಸುರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ಮಾಡಿದೆ. ಹಳದಿ ಅಥವಾ ಕೆಂಪು ಎಂದು ಗುರುತಿಸದ ಪ್ರದೇಶದಲ್ಲಿ ನೆಲದಿಂದ ೪೦೦ ಅಡಿ, ಅಂದರೆ ಸುಮಾರು ೧೨೦ ಮೀಟರು ಎತ್ತರದವರೆಗೆ ಹಸುರು ವಲಯ. ವಿಮಾನ ನಿಲ್ದಾಣದ ಎಲ್ಲೆಯಿಂದ ೮ ರಿಂದ ೧೨ ಕಿಲೋಮೀಟರು ದೂರದಲ್ಲಿ ಈ ಎತ್ತರವು ೨೦೦ ಅಡಿಗೆ ಇಳಿಯುವುದು. ೫ ರಿಂದ ೮ ಕಿಲೋಮೀಟರಿನೊಳಗೆ ನೆಲದಿಂದಲೇ ಹಳದಿ ವಲಯವಾಗಿದ್ದು, ವಿಮಾನ ಸಂಚಾರವನ್ನು ನಿಯಂತ್ರಿಸುವವರ ಅನುಮತಿಯಿಲ್ಲದೆ ಹಾರಿಸಕೂಡದು. ಇನ್ನೂ ಸಮೀಪದಲ್ಲಿ ನಿರ್ಬಂಧವು ಮತ್ತಷ್ಟು ಬಿಗಿ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು. ಪೈರಿನ ಮೇಲೆ ಎರಡು ಮೂರು ಮೀಟರು ಎತ್ತರದಲ್ಲಿ ಹಾರುವ ಸಿಂಪರಣೆಯ ಯಂತ್ರಕ್ಕೆ ೪೦೦ ಅಡಿಯ ಮಿತಿಯು ಅಡ್ಡಿಯಲ್ಲ. ಹೊಲವಿರುವ ಸ್ಥಳವೇ ಅಡ್ಡಿಯಾಗಬಹುದು. ದೇವನಹಳ್ಳಿಯ ಸುತ್ತಿನ ದ್ರಾಕ್ಷಿ ತೋಟದವರಿಗೆ ಈ ಪಾಠವು ಪರೀಕ್ಷೆಯ ಪ್ರಶ್ನೆಯಲ್ಲ, ದಿನನಿತ್ಯದ ಪ್ರಶ್ನೆ. ವಲಯಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಸರ್ಕಾರದ ನಕ್ಷೆಯನ್ನು ಪ್ರತಿಸಲವೂ ಕೆಲಸಕ್ಕೆ ಮುಂಚೆ ನೋಡತಕ್ಕದ್ದು. ಯಂತ್ರಕ್ಕೆ ನೋಂದಣಿ ಸಂಖ್ಯೆಯೂ, ಇತರರಿಗೆ ಆಗಬಹುದಾದ ಹಾನಿಯ ಬಗ್ಗೆ ವಿಮೆಯೂ ಇರಬೇಕೆಂಬುದನ್ನು ಮರೆಯಕೂಡದು.

ಗಾಳಿಯ ತೂಕದ ಪಾಠ

ಗಾಳಿಗೆ ತೂಕವುಂಟು. ಸಮುದ್ರದ ಮಟ್ಟದಲ್ಲಿ, ೧೫ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಒಂದು ಘನ ಮೀಟರು ಗಾಳಿಯು ೧.೨೨೫ ಕಿಲೋಗ್ರಾಮು ತೂಗುವುದೆಂದು ಶಾಸ್ತ್ರಜ್ಞರು ಪ್ರಮಾಣವಾಗಿ ಇಟ್ಟುಕೊಂಡಿದ್ದಾರೆ. ಡ್ರೋನಿನ ರೆಕ್ಕೆಗಳು ಈ ಗಾಳಿಯನ್ನು ಕೆಳಕ್ಕೆ ನೂಕುವುದರಿಂದಲೇ ಯಂತ್ರವು ಮೇಲಕ್ಕೆ ಏಳುವುದು. ಗಾಳಿಯು ತೆಳುವಾದರೆ, ಅದೇ ವೇಗದಲ್ಲಿ ತಿರುಗುವ ರೆಕ್ಕೆಯು ಅಷ್ಟೇ ಭಾರವನ್ನು ಎತ್ತಲಾರದು. ನೆಲದ ಎತ್ತರ ಹೆಚ್ಚಿದಂತೆಲ್ಲ ಗಾಳಿ ತೆಳುವಾಗುವುದು. ಶಾಖ ಹೆಚ್ಚಿದಂತೆಲ್ಲ ಇನ್ನೂ ತೆಳುವಾಗುವುದು.

ಉದಾಹರಣೆಗೆ, ರಾಯಚೂರು ಸಮುದ್ರದ ಮಟ್ಟಕ್ಕಿಂತ ಸುಮಾರು ೪೦೦ ಮೀಟರು ಎತ್ತರದಲ್ಲಿದೆ. ಬೇಸಗೆಯ ಮಧ್ಯಾಹ್ನ ೪೨ ಡಿಗ್ರಿ ಶಾಖವಿರುವಾಗ ಅಲ್ಲಿ ಒಂದು ಘನ ಮೀಟರು ಗಾಳಿಯ ತೂಕವು ಸುಮಾರು ೧.೦೭ ಕಿಲೋ ಮಾತ್ರ. ಪ್ರಮಾಣಕ್ಕಿಂತ ಎಂಟನೆಯ ಒಂದು ಪಾಲು ಕಡಿಮೆ. ಅದೇ ಹೊಲದಲ್ಲಿ ಬೆಳಗ್ಗೆ ೨೪ ಡಿಗ್ರಿ ಇದ್ದಾಗ ಗಾಳಿಯು ಸುಮಾರು ೧.೧೩ ಕಿಲೋ ತೂಗುವುದು. ಬೆಳಗ್ಗೆ ತುಂಬಿದ ತೊಟ್ಟಿಯೊಡನೆ ಸಲೀಸಾಗಿ ಎದ್ದ ಯಂತ್ರವು ಮಧ್ಯಾಹ್ನ ತೊನೆದಾಡಿದರೆ ದೋಷವು ಯಂತ್ರದ್ದಲ್ಲ. ರೆಕ್ಕೆಗಳು ಹೆಚ್ಚು ವೇಗವಾಗಿ ತಿರುಗಬೇಕಾಗಿ, ಮೋಟಾರು ಬಿಸಿಯಾಗಿ, ಬ್ಯಾಟರಿಯು ಬೇಗ ಮುಗಿಯುವುದು. ಇದನ್ನು ಅರಿತ ಚಾಲಕನು ತೊಟ್ಟಿಗೆ ಒಂದೆರಡು ಲೀಟರು ಕಡಿಮೆ ತುಂಬಿಸುವನು. ಅರಿಯದವನು ಯಂತ್ರವನ್ನು ಬೀಳಿಸಿಕೊಂಡು ದುರಸ್ತಿಗೆ ಹಣ ತೆರುವನು.

ತೇವವುಳ್ಳ ಗಾಳಿಯು ಒಣಗಾಳಿಗಿಂತ ಭಾರವೇ ಹಗುರವೇ ಎಂಬ ಪ್ರಶ್ನೆಯಲ್ಲಿ ಬಹು ಮಂದಿ ಎಡವುವರು. ನೀರು ಭಾರವಾದ ವಸ್ತುವಾದ್ದರಿಂದ ತೇವದ ಗಾಳಿಯೇ ಭಾರವೆಂದು ಮೇಲುನೋಟಕ್ಕೆ ತೋರುವುದು. ವಾಸ್ತವದಲ್ಲಿ ನೀರಿನ ಆವಿಯು ಗಾಳಿಗಿಂತ ಹಗುರ. ಗಾಳಿಯ ಜಾಗದಲ್ಲಿ ಆವಿ ಸೇರಿದಷ್ಟೂ ಒಟ್ಟು ತೂಕವು ಇಳಿಯುವುದು. ಕಾರಣವನ್ನು ಒಂದು ಸಲ ತಿಳಿದುಕೊಂಡವರು ಉತ್ತರವನ್ನು ಮರೆಯಲಾರರು; ಬಾಯಿಪಾಠ ಮಾಡಿದವರಾದರೋ ಪರೀಕ್ಷೆಯ ಹೊತ್ತಿಗೆ ತಿರುಗಾಮುರುಗಾ ಹೇಳುವರು.

ಹೊಗೆಯೂ ಇಬ್ಬನಿಯೂ

ಹವಾಮಾನದ ಪಾಠಗಳಲ್ಲೆಲ್ಲ ಸಿಂಪರಣೆಯವರಿಗೆ ಅತಿ ಮುಖ್ಯವಾದುದು ಶಾಖದ ವಿಪರ್ಯಾಸವೆಂಬುದು. ಸಾಧಾರಣವಾಗಿ ಹಗಲಿನಲ್ಲಿ ನೆಲದ ಬಳಿಯ ಗಾಳಿ ಬಿಸಿಯಾಗಿದ್ದು ಮೇಲೆ ಹೋದಂತೆ ತಂಪಾಗುವುದು. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಇದು ತಲೆಕೆಳಗಾಗುವುದು. ನೆಲವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗಿ, ತನ್ನನ್ನು ಮುಟ್ಟಿಕೊಂಡಿರುವ ಗಾಳಿಯನ್ನೂ ತಂಪುಮಾಡುವುದು. ಬೆಚ್ಚಗಿನ ಗಾಳಿಯು ಅದರ ಮೇಲೆ ಮುಚ್ಚಳದಂತೆ ನಿಲ್ಲುವುದು. ಕೆಳಗಿನ ತಂಪು ಗಾಳಿಯು ಭಾರವಾದ್ದರಿಂದ ಮೇಲೇಳಲಾರದು. ಇಂತಹ ಮುಂಜಾನೆ ಸಿಂಪಡಿಸಿದ ಔಷಧಿಯ ನಯವಾದ ಹನಿಗಳು ಕೆಳಗೂ ಬೀಳದೆ, ಮೇಲೆ ಹೋಗಿ ಚದರಲೂ ಆರದೆ, ತೆಳುವಾದ ಮುಸುಕಿನಂತೆ ತೇಲಿ, ನೀರು ಹರಿಯುವಂತೆಯೇ ಇಳಿಜಾರಿನ ಕಡೆಗೆ ಜಾರಿಕೊಂಡು ಹೋಗುವುವು.

ಇದರಿಂದಾಗಬಹುದಾದ ಅನರ್ಥವನ್ನು ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆಯ ರೈತರು ಸುಲಭವಾಗಿ ಊಹಿಸಬಲ್ಲರು. ಮೇಲಿನ ಹೊಲದಲ್ಲಿ ಟೊಮೇಟೊ ಪೈರು, ಕೆಳಗಿನ ಹೊಲದಲ್ಲಿ ನೆರೆಯವರ ಹಿಪ್ಪುನೇರಳೆ ತೋಟ ಇರುವುದೆಂದು ಎಣಿಸೋಣ. ಬೆಳಗಿನ ಜಾವ ಗಾಳಿಯೇ ಇಲ್ಲವೆಂದು ಧೈರ್ಯಗೊಂಡ ಚಾಲಕನು ಟೊಮೇಟೊಗೆ ಕೀಟನಾಶಕವನ್ನು ಹೊಡೆದು ಮುಗಿಸುವನು. ಕಣ್ಣಿಗೆ ಕಾಣದ ಹನಿಗಳು ಹಿಪ್ಪುನೇರಳೆಯ ಎಲೆಯ ಮೇಲೆ ಕೂರುವುವು. ಆ ಎಲೆಯನ್ನೇ ನೆರೆಯ ಮನೆಯಾಕೆಯು ಹಣ್ಣಾಗುವ ಹೊತ್ತಿಗೆ ಬಂದಿರುವ ಹುಳುಗಳಿಗೆ ಹಾಕುವಳು. ತಿಂಗಳ ದುಡಿಮೆಯು ತಟ್ಟೆಗಳಲ್ಲಿಯೇ ಸತ್ತುಹೋಗುವುದು. ರೇಷ್ಮೆಹುಳುವೂ ಒಂದು ಹುಳುವೇ ಆದ್ದರಿಂದ, ಹುಳುವನ್ನು ಕೊಲ್ಲುವ ಔಷಧಿಗೆ ಶತ್ರು ಮಿತ್ರರ ಭೇದ ತಿಳಿಯದು. ಇಂತಹ ನಷ್ಟಕ್ಕೆ ಹಣ ಕೊಟ್ಟರೂ, ಕೆಟ್ಟುಹೋದ ನೆರೆಹೊರೆಯು ಸರಿಹೋಗದು.

ಆದುದರಿಂದ, ಗಾಳಿ ಪೂರ್ತಿಯಾಗಿ ನಿಂತಿರುವ ಹೊತ್ತೇ ಸಿಂಪರಣೆಗೆ ಶ್ರೇಷ್ಠವೆಂಬ ನಂಬಿಕೆಯು ತಪ್ಪು. ಗಂಟೆಗೆ ೩ ರಿಂದ ೧೫ ಕಿಲೋಮೀಟರು ವೇಗದ, ಒಂದೇ ದಿಕ್ಕಿನಿಂದ ಬೀಸುವ ಮೆಲುಗಾಳಿಯೇ ಸಾಮಾನ್ಯವಾಗಿ ಒಳ್ಳೆಯದು. ಅದು ಸೂಕ್ಷ್ಮವಾದ ಪೈರಿನಿಂದ ಆಚೆಗೆ ಬೀಸುತ್ತಿರಬೇಕು. ವಿಪರ್ಯಾಸವನ್ನು ಕಂಡುಹಿಡಿಯಲು ಬೆಲೆಬಾಳುವ ಉಪಕರಣ ಬೇಕಿಲ್ಲ. ಊರಿನ ಒಲೆಗಳ ಹೊಗೆಯು ನೇರವಾಗಿ ಏರದೆ ಚಾವಣಿಯ ಮಟ್ಟದಲ್ಲಿಯೇ ಹಾಸಿಕೊಂಡಿದ್ದರೆ, ಎಲೆಗಳ ಮೇಲೆ ದಟ್ಟವಾದ ಇಬ್ಬನಿ ಬಿದ್ದಿದ್ದರೆ, ತಗ್ಗಿನಲ್ಲಿ ಮಂಜು ನಿಂತಿದ್ದರೆ, ದೂರದ ಸದ್ದು ಹತ್ತಿರದಲ್ಲಿಯೇ ಆದಂತೆ ಕೇಳಿಸುತ್ತಿದ್ದರೆ, ಔಷಧಿ ಹೊಡೆಯುವ ಕಾಲ ಬಂದಿಲ್ಲವೆಂದು ತಿಳಿಯತಕ್ಕದ್ದು. ಬಿಸಿಲು ಹತ್ತಿ, ಇಬ್ಬನಿ ಆರಿ, ಹೊಗೆ ಮೇಲಕ್ಕೇಳತೊಡಗಿದ ಮೇಲೆ ಕೆಲಸವನ್ನು ಆರಂಭಿಸಿ, ನಡುಹಗಲಿನ ಉರಿಗೆ ಮುಂಚೆ ನಿಲ್ಲಿಸಬೇಕು. ಪೈರು ಹೂವಿನಲ್ಲಿದ್ದರೆ ಜೇನುಹುಳುಗಳು ಮೇಯುವ ಹೊತ್ತನ್ನು ಬಿಟ್ಟು, ಅವು ಗೂಡು ಸೇರುವ ಇಳಿಹೊತ್ತನ್ನು ಆರಿಸಿಕೊಳ್ಳಬೇಕು. ಕತ್ತಲಾಗುತ್ತ ಬಂದಂತೆ ವಿಪರ್ಯಾಸವು ಮತ್ತೆ ಕಟ್ಟುವುದರಿಂದ ಅಲ್ಲಿಯೂ ಹೊಗೆಯ ಮೇಲೆ ಕಣ್ಣಿಟ್ಟಿರಬೇಕು. ಹಳ್ಳಿಯ ಹಿರಿಯರಿಗೆ ಈ ಲಕ್ಷಣಗಳೆಲ್ಲ ಹುಟ್ಟಿನಿಂದ ಗೊತ್ತು. ಪುಸ್ತಕವು ಅವಕ್ಕೆ ಕಾರಣವನ್ನು ಹೇಳುವುದಷ್ಟೆ.

ಹನಿಯ ಗಾತ್ರ

ಹನಿಯನ್ನು ಮೈಕ್ರಾನುಗಳಲ್ಲಿ ಅಳೆಯುವರು. ಸಾವಿರ ಮೈಕ್ರಾನುಗಳಿಗೆ ಒಂದು ಮಿಲಿಮೀಟರು. ನಿಂತ ಗಾಳಿಯಲ್ಲಿ ೧೦೦ ಮೈಕ್ರಾನು ಅಡ್ಡಗಲದ ಹನಿಯು ೩ ಮೀಟರು ಎತ್ತರದಿಂದ ನೆಲಕ್ಕೆ ಬರಲು ಸುಮಾರು ೧೧ ಸೆಕೆಂಡು ಹಿಡಿಯುವುದು. ೨೦ ಮೈಕ್ರಾನಿನ ಹನಿಗೆ ಸುಮಾರು ೪ ನಿಮಿಷಗಳೇ ಬೇಕು. ಗಂಟೆಗೆ ೫ ಕಿಲೋಮೀಟರು ವೇಗದ ಗಾಳಿಯೆಂದರೆ ಸೆಕೆಂಡಿಗೆ ಸುಮಾರು ೧.೪ ಮೀಟರು. ರೆಕ್ಕೆಗಳ ತಳಗಾಳಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಮೊದಲನೆಯ ಹನಿಯು ಅಷ್ಟರೊಳಗೆ ಸುಮಾರು ೧೫ ಮೀಟರು ದೂರ ಹೋಗಿ ಬೀಳುವುದು. ಎರಡನೆಯದು ೩೦೦ ಮೀಟರಿಗೂ ಆಚೆ. ಒಣ ಬಿಸಿಲಿನಲ್ಲಿ ನೀರು ಆರಿ ಹನಿಯು ಕಿರಿದಾಗುತ್ತ ಹೋಗುವುದರಿಂದ ದೂರವು ಇನ್ನೂ ಹೆಚ್ಚುವುದು.

ಹಾಗಾದರೆ ದಪ್ಪ ಹನಿಯೇ ಮೇಲೆಂದು ಹೇಳುವಂತೆಯೂ ಇಲ್ಲ. ಹನಿಯ ಅಡ್ಡಗಲವನ್ನು ಅರ್ಧಮಾಡಿದರೆ ಅದೇ ದ್ರವದಿಂದ ಎಂಟು ಹನಿಗಳಾಗಿ, ಎಲೆಗಳ ಮೇಲೆ ಔಷಧಿಯು ಹೆಚ್ಚು ಕಡೆ ತಗಲುವುದು. ದಪ್ಪ ಹನಿಗಳು ಎಲೆಯಿಂದ ಜಾರಿ ನೆಲದ ಪಾಲಾಗುವುದೂ ಉಂಟು. ಔಷಧಿ, ಪೈರು, ಗಾಳಿ ಈ ಮೂರನ್ನೂ ನೋಡಿ ನಳಿಕೆಯನ್ನು ಆರಿಸುವುದೇ ಜಾಣತನ. ಯಂತ್ರವನ್ನು ಅನಾವಶ್ಯಕವಾಗಿ ಎತ್ತರದಲ್ಲಿ ಹಾರಿಸದಿರುವುದು ಎಲ್ಲಕ್ಕೂ ಸುಲಭವಾದ ರಕ್ಷಣೆ.

ಲೆಕ್ಕದ ಪಾಠ

ಲೆಕ್ಕವೆಂದರೆ ಅಂಜುವವರಿಗೆ ಈ ಉದಾಹರಣೆಯು ಸಾಕು. ಎಕರೆಗೆ ೧೦ ಲೀಟರು ದ್ರವ ಬೀಳಬೇಕು. ಯಂತ್ರದ ವೇಗ ಸೆಕೆಂಡಿಗೆ ೪ ಮೀಟರು; ಒಂದು ಸಾಲಿನಲ್ಲಿ ಔಷಧಿ ಬೀಳುವ ಅಗಲ ೪ ಮೀಟರು. ಸೆಕೆಂಡಿಗೆ ೧೬ ಚದರ ಮೀಟರು, ನಿಮಿಷಕ್ಕೆ ೯೬೦ ಚದರ ಮೀಟರು ಆಗುವುದು. ಎಕರೆಗೆ ೪,೦೪೭ ಚದರ ಮೀಟರು ಇರುವುದರಿಂದ ಒಂದು ಎಕರೆಯನ್ನು ಸುಮಾರು ೪.೨ ನಿಮಿಷಗಳಲ್ಲಿ ಸುತ್ತಬಹುದು. ೧೦ ಲೀಟರನ್ನು ೪.೨ರಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು ೨.೪ ಲೀಟರು ನಳಿಕೆಗಳಿಂದ ಬರುವಂತೆ ಹೊಂದಿಸಬೇಕೆಂದು ಸಿದ್ಧವಾಯಿತು.

ಅವಸರದಿಂದ ವೇಗವನ್ನು ಸೆಕೆಂಡಿಗೆ ೫ ಮೀಟರಿಗೆ ಏರಿಸಿ, ದ್ರವದ ಪ್ರಮಾಣವನ್ನು ಹಾಗೆಯೇ ಬಿಟ್ಟರೆ, ಎಕರೆಗೆ ೮ ಲೀಟರು ಮಾತ್ರ ಬೀಳುವುದು. ಐದನೆಯ ಒಂದು ಪಾಲು ಔಷಧಿ ಕಡಿಮೆಯಾಗಿ ಹುಳು ಸಾಯದು. ರೈತನು ಔಷಧಿಯೇ ಕಲಬೆರಕೆಯೆಂದು ಅಂಗಡಿಯವನನ್ನು ದೂರುವನು. ವೇಗವನ್ನು ತಗ್ಗಿಸಿದರೆ ಪ್ರಮಾಣ ಹೆಚ್ಚಾಗಿ ಎಲೆ ಸುಟ್ಟೀತು. ಬೆನ್ನಿನ ಪಂಪಿನಿಂದ ಎಕರೆಗೆ ನೂರೈವತ್ತು ಇನ್ನೂರು ಲೀಟರು ನೀರಿನಲ್ಲಿ ಕಲಸುವ ಔಷಧಿಯನ್ನು ಡ್ರೋನಿನಲ್ಲಿ ಹತ್ತೇ ಲೀಟರಿನಲ್ಲಿ ಕಲಸುವುದರಿಂದ, ಆ ದ್ರಾವಣವು ಹದಿನೈದು ಇಪ್ಪತ್ತು ಪಟ್ಟು ತೀಕ್ಷ್ಣವಾಗಿರುವುದೆಂಬುದನ್ನೂ ಮರೆಯಕೂಡದು. ಕಲಸುವವರು ಕೈಗವಸನ್ನೂ ಮುಖವಾಡವನ್ನೂ ಧರಿಸತಕ್ಕದ್ದು. ಡ್ರೋನಿನಿಂದ ಸಿಂಪಡಿಸಲು ಅನುಮತಿಯಿರುವ ಔಷಧಿಯೇ ಎಂಬುದನ್ನು ಚೀಟಿಯನ್ನು ಓದಿ ನಿಶ್ಚಯಿಸಿಕೊಳ್ಳತಕ್ಕದ್ದು.

ಬ್ಯಾಟರಿ ಮತ್ತು ಯಂತ್ರ

ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಸೆಲ್ಲು ಪೂರ್ತಿ ತುಂಬಿದಾಗ ೪.೨ ವೋಲ್ಟು ಇರುವುದು. ಆರು ಸೆಲ್ಲಿನ ಬ್ಯಾಟರಿಯಾದರೆ ಒಟ್ಟು ೨೫.೨ ವೋಲ್ಟು. ಸೆಲ್ಲಿಗೆ ೩.೫ ವೋಲ್ಟು, ಅಂದರೆ ಒಟ್ಟು ೨೧ ವೋಲ್ಟಿಗೆ ಇಳಿಯುವುದರೊಳಗೆ ಯಂತ್ರವನ್ನು ಇಳಿಸುವುದು ಮೇಲು. ಉಳಿದ ಒಂದು ಮೂಲೆಯನ್ನು ಮುಗಿಸಿಬಿಡೋಣವೆಂಬ ಆಸೆಯಿಂದಲೇ ಯಂತ್ರಗಳು ಬೀಳುವುದು. ಹಾರಿ ಬಂದ ಬ್ಯಾಟರಿಯು ತಣ್ಣಗಾಗುವ ಮೊದಲು ಚಾರ್ಜಿಗೆ ಹಾಕಬಾರದು. ಉಬ್ಬಿದುದನ್ನು ಬಳಸಲೇಬಾರದು, ಅದು ಹೊತ್ತಿಕೊಂಡರೆ ಆರಿಸುವುದು ಬಹು ಕಷ್ಟ. ಹಲವು ದಿನ ಕೆಲಸವಿಲ್ಲದಿದ್ದರೆ ಸೆಲ್ಲಿಗೆ ಸುಮಾರು ೩.೮ ವೋಲ್ಟು ಇರುವಂತೆ, ಅರ್ಧದಷ್ಟು ತುಂಬಿಸಿ, ಹುಲ್ಲು ಸೌದೆಗಳಿಂದ ದೂರವಾದ ತಂಪು ಜಾಗದಲ್ಲಿ ಇಡತಕ್ಕದ್ದು.

ಯಂತ್ರಕ್ಕೂ ಚಾಲಕನ ಕೈಯ ಪೆಟ್ಟಿಗೆಗೂ ಸಂಪರ್ಕ ತಪ್ಪಿದರೆ, ಅದು ತಾನಾಗಿಯೇ ಗೊತ್ತುಮಾಡಿದ ಎತ್ತರಕ್ಕೆ ಏರಿ, ಹೊರಟ ಜಾಗಕ್ಕೆ ನೇರವಾಗಿ ಮರಳಿ ಬರುವ ಏರ್ಪಾಡುಂಟು. ಆ ಎತ್ತರವನ್ನು ೧೦ ಮೀಟರೆಂದು ಇಟ್ಟು, ದಾರಿಯಲ್ಲಿ ೨೦ ಮೀಟರಿನ ತೆಂಗಿನ ಮರಗಳಿದ್ದರೆ, ರಕ್ಷಣೆಯ ಏರ್ಪಾಡೇ ನಾಶಕ್ಕೆ ಕಾರಣವಾಗುವುದು. ಆದಕಾರಣ ಪ್ರತಿ ಹೊಲದಲ್ಲಿಯೂ ಅತಿ ಎತ್ತರದ ಮರವನ್ನೂ ಕಂಬವನ್ನೂ ನೋಡಿ ಆ ಎತ್ತರವನ್ನು ಹೊಸದಾಗಿ ಗೊತ್ತುಮಾಡಬೇಕು. ದಿಕ್ಸೂಚಿಯನ್ನು ಸರಿಪಡಿಸುವಾಗ ಪಂಪ್‌ಸೆಟ್ಟು, ಕಬ್ಬಿಣದ ಕೊಳವೆ, ಟ್ರ್ಯಾಕ್ಟರುಗಳಿಂದ ದೂರ ನಿಲ್ಲಬೇಕು. ವಿದ್ಯುತ್ ತಂತಿಗಳು ಆಕಾಶದ ಹಿನ್ನೆಲೆಯಲ್ಲಿ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ಕಂಬಗಳನ್ನು ಎಣಿಸಿ ತಂತಿಯ ಜಾಡನ್ನು ಊಹಿಸಿಕೊಳ್ಳುವುದು ಕ್ಷೇಮ. ತಂತಿಗೆ ಸಿಕ್ಕಿದ ಯಂತ್ರವನ್ನು ಬಿದಿರಿನಿಂದಲೋ ಕೊಳವೆಯಿಂದಲೋ ಬಿಡಿಸಹೋಗುವುದು ಪ್ರಾಣಕ್ಕೇ ಅಪಾಯ. ವಿದ್ಯುತ್ ಕಚೇರಿಗೆ ತಿಳಿಸಿ ದೂರ ನಿಲ್ಲತಕ್ಕದ್ದು.

ಓದುವ ಕ್ರಮ

ಐದು ದಿನಗಳ ಶಿಕ್ಷಣದಲ್ಲಿ ಇಷ್ಟೆಲ್ಲವನ್ನೂ ಹೊಸದಾಗಿ ಕಲಿಯುವುದು ಪ್ರಯಾಸ. ಶಾಲೆಗೆ ಹೋಗುವ ಮುಂಚೆ ಎರಡು ಮೂರು ವಾರ ಮನೆಯಲ್ಲಿಯೇ ಅಣಿಯಾದರೆ ಬಹಳ ಅನುಕೂಲ. ಒಂದು ನೋಟು ಪುಸ್ತಕವನ್ನು ಇಟ್ಟು, ಪ್ರತಿದಿನವೂ ಬೆಳಗ್ಗೆ ಆರು ಗಂಟೆಗೆ, ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಸಂಜೆಗೆ ಹೊಗೆಯು ಹೇಗಿದೆ, ಇಬ್ಬನಿ ಇದೆಯೇ, ಗಾಳಿ ಯಾವ ದಿಕ್ಕಿನದು, ಎಲೆ ಅಲುಗುತ್ತಿದೆಯೇ ಎಂದು ಬರೆದಿಡಬೇಕು. ಹದಿನೈದು ದಿನಗಳಲ್ಲಿ ಹವಾಮಾನದ ಪಾಠದ ಅರ್ಧ ಭಾಗವು ತಾನಾಗಿಯೇ ಮನಸ್ಸಿಗೆ ಹತ್ತುವುದು. ತಮ್ಮ ಹೊಲದ ನಕ್ಷೆಯನ್ನು ಬರೆದು ಅದರಲ್ಲಿ ಮರ, ಕಂಬ, ತಂತಿ, ಬಾವಿ, ಮನೆ, ನೆರೆಯವರ ಪೈರು, ಇಳಿಜಾರಿನ ದಿಕ್ಕು ಇವನ್ನು ಗುರುತಿಸುವುದು ಎರಡನೆಯ ಅಭ್ಯಾಸ. ಮೇಲೆ ಹೇಳಿದ ಸಿಂಪರಣೆಯ ಲೆಕ್ಕವನ್ನು ಬೇರೆ ಬೇರೆ ಅಂಕಿಗಳಿಂದ ದಿನಕ್ಕೊಂದರಂತೆ ಮಾಡುವುದು ಮೂರನೆಯದು. ಓದಿದುದನ್ನು ಮನೆಯವರಿಗೆ ಸ್ವಂತ ಮಾತಿನಲ್ಲಿ ವಿವರಿಸುವುದು ನಾಲ್ಕನೆಯದು. ವಿವರಿಸುವಾಗ ಎಲ್ಲಿ ತಡವರಿಸುವುದೋ ಅಲ್ಲಿ ಪಾಠವು ಇನ್ನೂ ತಿಳಿದಿಲ್ಲವೆಂದು ಅರ್ಥ. ಹೊಸ ಶಬ್ದಗಳಿಗೆ ಹೆದರಬೇಕಾಗಿಲ್ಲ. ಶಬ್ದವು ಹೊಸದಾದರೂ ಅದು ಸೂಚಿಸುವ ವಸ್ತುವು ಬಹುಮಟ್ಟಿಗೆ ಹೊಲದಲ್ಲಿ ಕಂಡದ್ದೇ ಆಗಿರುವುದು.

ಯಂತ್ರವೇ ಎಲ್ಲವನ್ನೂ ಮಾಡುವಾಗ ಈ ಶ್ರಮವೇಕೆ ಎಂಬ ಪ್ರಶ್ನೆಗೆ ಉತ್ತರವು ಇಷ್ಟು. ಯಂತ್ರವು ಎಳೆದುಕೊಟ್ಟ ಗೆರೆಯ ಮೇಲೆ ತಪ್ಪದೆ ಹಾರಬಲ್ಲುದು. ಆದರೆ ಕೆಳಗಿನ ತೋಟವು ಹಿಪ್ಪುನೇರಳೆಯೆಂಬುದನ್ನಾಗಲಿ, ಒಲೆಯ ಹೊಗೆಯು ಹಾಸಿಕೊಂಡಿದೆಯೆಂಬುದನ್ನಾಗಲಿ, ಬದುವಿನಾಚೆ ಕಳೆ ತೆಗೆಯುವ ಹೆಂಗಸರು ಬುತ್ತಿ ಬಿಚ್ಚಿದ್ದಾರೆಂಬುದನ್ನಾಗಲಿ ಅರಿಯದು. ಅದನ್ನು ಅರಿತು, ‘ಈ ದಿನ ಬೇಡ’ ಎಂದು ಹೇಳಬಲ್ಲವರು ಚಾಲಕರೊಬ್ಬರೇ. ಒಂದು ದಿನದ ಬಾಡಿಗೆ ತಪ್ಪುವುದೆಂದು ಗೊತ್ತಿದ್ದೂ ಹಾಗೆ ಹೇಳುವ ಧೈರ್ಯವು ತಿಳಿವಳಿಕೆಯಿಂದ ಬರತಕ್ಕದ್ದೇ ಹೊರತು ಪ್ರಮಾಣಪತ್ರದಿಂದಲ್ಲ.

ಡ್ರೋನಿನ ಶಿಕ್ಷಣಕ್ಕೆ ಹೆಸರು ಕೊಡಬೇಕೆಂದಿರುವ ತರುಣ ತರುಣಿಯರು ನಾಳೆಯಿಂದಲೇ ನೋಟು ಪುಸ್ತಕವನ್ನು ಆರಂಭಿಸುವುದು ಒಳ್ಳೆಯದು. ಸಿಂಪರಣೆಗೆ ಯಂತ್ರವನ್ನು ಕರೆಸುವ ರೈತರು ಚಾಲಕರ ಪ್ರಮಾಣಪತ್ರವನ್ನು ನೋಡುವುದರ ಜೊತೆಗೆ, ಗಾಳಿಯ ದಿಕ್ಕನ್ನೂ ಎಕರೆಗೆ ಬೀಳುವ ಪ್ರಮಾಣವನ್ನೂ ಕೇಳಿ ತಿಳಿದುಕೊಳ್ಳಲಿ. ನೆರೆಹೊರೆಯವರಿಗೆ, ಮುಖ್ಯವಾಗಿ ರೇಷ್ಮೆ ಸಾಕುವವರಿಗೂ
ಜೇನು ಸಾಕುವವರಿಗೂ, ಮುನ್ನಾದಿನವೇ ಸುದ್ದಿ ಮುಟ್ಟಿಸಲಿ. ಹೀಗೆ ಮಾಡಿದಲ್ಲಿ ಈ ಹೊಸ ಯಂತ್ರವು ಬೆನ್ನಿನ ಭಾರವನ್ನು ಇಳಿಸುವ ನಂಬಿಕೆಯ ಆಳಾಗಿ ಹಳ್ಳಿಯಲ್ಲಿ ನೆಲೆನಿಲ್ಲುವುದು.